ಕೊನೆಯ ಹ್ಯಾಂಗರಿನ ಕೋಟು

ಚಿಕ್ಕಮ್ಮನ ಕೆಲಸ ಎಷ್ಟು ಚೆನ್ನಾಗಿರುತ್ತಿತ್ತೋ ಅಷ್ಟು ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಗಟೇನಲ್ಲ, ಅವಳ ಕಸುಬೇ ಅಂಥದ್ದು. ಹರಿದ ಬಟ್ಟೆಯ ಎಳೆಗಳನ್ನು ಒಂದಕ್ಕೊಂದು ಹೆಣೆದು, ಅದು ಹರಿದೇ ಇರಲಿಲ್ಲವೇನೋ ಎಂಬಂತೆ ಮಾಡಿಕೊಡುವುದು. ರಫೂ ಅನ್ನುತ್ತಾರಲ್ಲ, ಅದು. ತೇಪೆಯ ಮಾತು ಬೇರೆ. ತೇಪೆ ಹಾಕಿದರೆ ಇಲ್ಲಿ ಹರಿದಿತ್ತು ಎಂದು ಡಂಗುರ ಹೊಡೆದಂತೆ. ರಫೂ ಮಾಡುವವಳು ಬಟ್ಟೆಯ ಜೊತೆಗೆ ತನ್ನ ಬಾಯನ್ನೂ ಹೊಲಿದುಕೊಂಡಿರಬೇಕು.

ಡ್ರೈ ಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಪರದೆಯ ಆಚೆ, ಒಂದು ಬಗ್ಗಿದ ದೀಪದ ಕೆಳಗೆ ಅವಳ ಹರೆಯವೂ ನಡುವಯಸ್ಸೂ ಕಳೆದುಹೋದವು. ಮದುವೆಯಾಗಲಿಲ್ಲ. ಯಾರೂ ಕೇಳಲಿಲ್ಲವೆಂದಲ್ಲ, ಕೇಳಲು ಬಂದವರ ಅಂಗಿಯ ಹೊಲಿಗೆ ನೋಡಿಯೇ ಬೇಡವೆಂದಳಂತೆ. ಗಿರಾಕಿಗಳು ಮುಂದುಗಡೆ ಕೋಟು ಬಿಡಿಸಿ, "ಅಯ್ಯೋ, ಎಲ್ರೀ ಹರಿದಿತ್ತು ಇದು?" ಎಂದು ಬೆರಗಾಗುವುದು ಪರದೆ ದಾಟಿ ಅವಳಿಗೆ ಕೇಳಿಸುತ್ತಿತ್ತು. ಹೊಗಳಿಕೆ ಮಾಲೀಕರಿಗೆ ಹೋಗುತ್ತಿತ್ತು. ಚಿಕ್ಕಮ್ಮ ಮುಂದಿನ ಬಟ್ಟೆ ಎತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲೇ ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಅವಳನ್ನು ಊರೆಲ್ಲ ಚಿಕ್ಕಮ್ಮ ಎನ್ನುವಂತೆ ಮಾಡಿದ್ದು ಅಕ್ಕನ ಮಗಳು ಪುಟ್ಟಿ. ಅಕ್ಕನಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಹಾಗಾಗಿ ಶಾಲೆ ಬಿಟ್ಟ ಕೂಡಲೇ ಪುಟ್ಟಿ ಅಂಗಡಿಯ ಹಿಂದಿನ ಕೋಣೆಗೆ ಬಂದು ಬಟ್ಟೆಯ ಗಂಟಿನ ಮೇಲೆ ಠಿಕಾಣಿ ಹೂಡುತ್ತಿದ್ದಳು. ಚಿಕ್ಕಮ್ಮನಿಗೆ ಓದು ಬರುತ್ತಿತ್ತು, ಆದರೆ ಕಣ್ಣು ಸೂಜಿಗೆ ಅಡವಾಗಿತ್ತು. ಅದಕ್ಕೆ ಪುಟ್ಟಿ ಗಟ್ಟಿಯಾಗಿ ಓದುವಳು, ಚಿಕ್ಕಮ್ಮ ಹೂಂಗುಟ್ಟುವಳು. ಓದುತ್ತಿದ್ದದ್ದು ಪಾಠದ ಪುಸ್ತಕ ಅಂದುಕೊಂಡರೆ ನೀವು ಪುಟ್ಟಿಯನ್ನು ಕಂಡಿಲ್ಲ ಎಂದರ್ಥ. ಓದುತ್ತಿದ್ದದ್ದು ಹುಡುಗ ಗೂಢಚಾರನ ಕಾದಂಬರಿಗಳನ್ನು.

ಆ ಕಾದಂಬರಿಗಳ ಹುಡುಗ ಅಪ್ಪ ಅಮ್ಮ ಇಲ್ಲದವನು, ಚಿಕ್ಕಮ್ಮನ ಮನೆಯಲ್ಲಿ ಬೆಳೆಯುವವನು, ಮೀಸೆ ಇನ್ನೂ ಬರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ವಯಸ್ಸು. ಬೆಳಿಗ್ಗೆ ಶಾಲೆಗೆ ಹೋಗುತ್ತಾನೆ, ಸಂಜೆ ಸರ್ಕಾರದ ಗುಪ್ತ ಕೆಲಸಕ್ಕೆ ಹೋಗುತ್ತಾನೆ. ದೊಡ್ಡವರು ಹಿಡಿಸದ ಕಿಂಡಿಯಲ್ಲಿ ನುಸುಳುತ್ತಾನೆ, ದೊಡ್ಡವರು ಕಕ್ಕಾಬಿಕ್ಕಿಯಾಗುವ ಕಡೆ ಉಪಾಯ ಹೂಡುತ್ತಾನೆ, ಮನೆಗೆ ಬಂದು ಲೆಕ್ಕದ ಹೋಂವರ್ಕ್ ತಪ್ಪು ಮಾಡುತ್ತಾನೆ. ಪುಟ್ಟಿಗೆ ಆ ಹುಡುಗನೆಂದರೆ ಪ್ರಾಣ. ನಮ್ಮ ಚಿಕ್ಕಮ್ಮನಿಗೆ ಆ ಹುಡುಗನ ಚಿಕ್ಕಮ್ಮನೆಂದರೆ ಪ್ರಾಣ.

ಅದಕ್ಕೆ ಕಾರಣ ಮೊದಲನೇ ಪುಸ್ತಕದ ಕೊನೆಯ ಅಧ್ಯಾಯ. ಹುಡುಗ ಶತ್ರುವಿನ ಕಟ್ಟಡದಿಂದ ತಪ್ಪಿಸಿಕೊಳ್ಳುವಾಗ ಅವನ ಶಾಲೆಯ ಕೋಟಿನ ಎಡ ತೋಳು ಹರಿಯುತ್ತದೆ. ಕೈಗವಸಿನವನು ಎಂಬ ದುಷ್ಟ ಅದನ್ನು ನೋಡಿಬಿಡುತ್ತಾನೆ. ಮರುದಿನ ಬೆಳಿಗ್ಗೆ ಅವನು ಹರಿದ ಕೋಟು ಹುಡುಕುತ್ತ ಮನೆ ಬಾಗಿಲಿಗೇ ಬರುತ್ತಾನೆ. ಪುಸ್ತಕದ ಚಿಕ್ಕಮ್ಮ ಕೋಟು ತಂದು ಅವನ ಕೈಗೇ ಕೊಡುತ್ತಾಳೆ. ಅವನು ತಿರುವಿ ಮುರುವಿ ನೋಡುತ್ತಾನೆ. ಹರಕೇ ಇಲ್ಲ! ಕ್ಷಮಿಸಿ ಎಂದು ಹೇಳಿ ಹೊರಟುಹೋಗುತ್ತಾನೆ. ಹುಡುಗ ಬಾಯಿ ಬಿಟ್ಟುಕೊಂಡು, "ಎಲ್ಲಿ ಹೋಯ್ತು ಚಿಕ್ಕಮ್ಮ, ಹರಕು?" ಎಂದು ಕೇಳಿದರೆ ಅವಳು, "ಯಾವ ಹರಕು? ಹಾಲು ಆರ್ತಾ ಇದೆ, ಕುಡಿ" ಅನ್ನುತ್ತಾಳೆ. ಪುಸ್ತಕ ಮುಗಿಯುತ್ತದೆ.

"ಇನ್ನೊಂದ್ಸಲ ಓದೇ," ಎನ್ನುತ್ತಿದ್ದಳು ಚಿಕ್ಕಮ್ಮ. ಆ ಪುಟಗಳ ಅಂಚು ಪುಟ್ಟಿಯ ಬೆರಳಿಗೆ ಸವೆದುಹೋಗಿತ್ತು. ಲೋಕದ ಕಾದಂಬರಿಗಳಲ್ಲೆಲ್ಲ ರಫೂ ಮಾಡುವ ಹೆಂಗಸು ದೇಶ ಉಳಿಸಿದ ಕಾದಂಬರಿ ಅದೊಂದೇ ಎಂದು ಅವಳ ತೀರ್ಮಾನ. ಮಿಕ್ಕ ಕಾದಂಬರಿಗಳನ್ನು ಅವಳು ಓದಿರಲಿಲ್ಲ ಎನ್ನುವುದು ಬೇರೆ ಮಾತು.

ಕಾಲ ಬದಲಾಯಿತು. ಹರಿದರೆ ಎಸೆ, ಹೊಸದು ತಾ ಎನ್ನುವ ಕಾಲ ಬಂತು. ಅಂಗಡಿ ಬಾಗಿಲು ಹಾಕಿತು. ಚಿಕ್ಕಮ್ಮ ಮನೆಯಲ್ಲಿ ಕೂತು, ಕೈ ಸುಮ್ಮನಿರಲಾರದೆ, ನೆಲ ಒರೆಸುವ ಬಟ್ಟೆಗೂ ರಫೂ ಹಾಕತೊಡಗಿದಳು. ಅಷ್ಟು ಹೊತ್ತಿಗೆ ಪುಟ್ಟಿ ಸಿನಿಮಾ ಸ್ಟುಡಿಯೋದ ಉಡುಪಿನ ವಿಭಾಗದಲ್ಲಿ ಸಹಾಯಕಿಯಾಗಿದ್ದಳು. ಅವಳ ಅದೃಷ್ಟ ನೋಡಿ, ಅದೇ ಹುಡುಗ ಗೂಢಚಾರನ ಮೊದಲ ಪುಸ್ತಕ ಅಲ್ಲಿ ಸಿನಿಮಾ ಆಗುತ್ತಿತ್ತು! ಅವಳು ಹಿಂದೆ ಮುಂದೆ ನೋಡದೆ, ಎಲ್ಲರೂ ಹಿರಿ ಮೇಡಂ ಎನ್ನುತ್ತಿದ್ದ ವಿಭಾಗದ ಮುಖ್ಯಸ್ಥೆಯ ಮುಂದೆ ಹೋಗಿ ನಿಂತಳು.

"ನಮ್ಮ ಚಿಕ್ಕಮ್ಮ ಇದಾರೆ ಮೇಡಂ. ಅವರಂಥ ಕೈ ಎಲ್ಲೂ ಸಿಗಲ್ಲ."

"ವಯಸ್ಸಾದೋರು ನಮ್ಮ ಗಡಿಬಿಡಿಗೆ ಹೊಂದ್ಕೋತಾರಾ? ಏನಾದ್ರೂ ಎಡವಟ್ಟಾದ್ರೆ?"

"ಎಡವಟ್ಟಾದ್ರೆ ನಾನು ಮನೆಗೆ ಹೋಗ್ತೀನಿ."

ದುಡುಕಿ ಆಡಿದ ಮಾತು. ಹಿರಿ ಮೇಡಂ ಮಾತು ಮರೆಯುವವರಲ್ಲ. ಆದರೂ ಚಿಕ್ಕಮ್ಮ ತನ್ನ ಸೂಜಿ ಡಬ್ಬವನ್ನು ಎದೆಗವಚಿಕೊಂಡು ಸ್ಟುಡಿಯೋ ಮೆಟ್ಟಿಲು ಹತ್ತಿದಳು.

ಉದ್ದನೆಯ ಕೋಣೆ. ಒಂದು ಕಡೆ ಹೊಲಿಗೆ ಯಂತ್ರಗಳು, ಇಸ್ತ್ರಿ ಮೇಜು, ಒಂದು ಕಡೆ ಗೋಡೆಯಿಂದ ಗೋಡೆಗೆ ಕಬ್ಬಿಣದ ರಾಡು. ಆ ರಾಡಿನ ಉಸ್ತುವಾರಿ ಪುಟ್ಟಿಯದು. ಅಲ್ಲಿನ ಪದ್ಧತಿ ಹೀಗೆ: ಚಿತ್ರೀಕರಣ ಹಿಂದು ಮುಂದು ಹೇಗೆ ಬೇಕಾದರೂ ನಡೆಯಲಿ, ಬಟ್ಟೆ ಮಾತ್ರ ಕತೆ ನಡೆಯುವ ಕ್ರಮದಲ್ಲೇ ನೇತಾಡಬೇಕು. ಎಡಗಡೆಯಿಂದ ಶುರು. ಶಾಲೆಗೆ ಹೋಗುವಾಗಿನ ಹೊಸ ಕೋಟು, ಆಮೇಲೆ ಅದೇ ಥರದ ಧೂಳಿನ ಕೋಟುಗಳು, ಆಮೇಲೆ ನೆನೆದದ್ದು, ಹೀಗೆ ಬಲತುದಿಯ ಹ್ಯಾಂಗರಿಗೆ ಬಂದರೆ ಕತೆ ಮುಗಿಯಿತು. ಚಿಕ್ಕಮ್ಮನಿಗೆ ಇದು ಬಹಳ ಹಿಡಿಸಿತು. ಆ ರಾಡನ್ನು ಅವಳು ಪುಸ್ತಕ ಓದಿದಂತೆ ಓದಿಕೊಂಡು ಹೋಗುತ್ತಿದ್ದಳು.

ಹಿಡಿಸದೇ ಇದ್ದದ್ದು ಹರಕಪ್ಪ. ಅದು ಅವನ ತಾಯಿ ತಂದೆ ಇಟ್ಟ ಹೆಸರಲ್ಲ, ಕೆಲಸ ಕೊಟ್ಟದ್ದು. ಹೊಸ ಬಟ್ಟೆಯನ್ನು ಹಳೆಯದು ಮಾಡುವುದು, ಇಟ್ಟಿಗೆ ಪುಡಿ ಮೆತ್ತುವುದು, ಅರದಿಂದ ಉಜ್ಜುವುದು, ಹರಿಯುವುದು, ಇದಕ್ಕೆ ಅವನಿಗೆ ತಿಂಗಳ ಸಂಬಳ. ದಪ್ಪ ಹೊಟ್ಟೆ, ತೆಳ್ಳನೆ ದನಿ, ಜೇಬು ಸದಾ ಹರಿದೇ ಇರುವ ಅಂಗಿ. ಅವನು ಮೊದಲ ದಿನ ಒಳ್ಳೆ ಪ್ಯಾಂಟೊಂದನ್ನು ಮೊಳೆಗೆ ಸಿಕ್ಕಿಸಿ ಪರ್ರನೆ ಎಳೆದಾಗ ಚಿಕ್ಕಮ್ಮ ಕಿವಿ ಮುಚ್ಚಿಕೊಂಡಳು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದಳು ಹಲ್ಲು ಕಡಿದು.

"ನಿಮಿಷ ಯಾರು ಹೇಳಿದ್ದು?" ಹರಕಪ್ಪನಿಗೆ ನಿಜವಾಗಿಯೂ ನೋವಾಗಿತ್ತು. "ಹರಿಯೋದೂ ಒಂದು ಕಲೆ ಚಿಕ್ಕಮ್ಮ. ಕತ್ತರಿ ಹಾಕಿದ್ರೆ ಕ್ಯಾಮೆರಾಗೆ ಗೊತ್ತಾಗುತ್ತೆ. ಬಿದ್ದು ಹರಿದದ್ದು ಬೇರೆ, ತಂತಿಗೆ ಸಿಕ್ಕಿ ಹರಿದದ್ದು ಬೇರೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಮಾಡಿದರು. ಕ್ರಮೇಣ ಚಹಾ ಹಂಚಿಕೊಳ್ಳುವಷ್ಟು ರಾಜಿಯಾಯಿತು. ಅಂಗಿಯ ಜೇಬು ಹೊಲಿದುಕೊಡುತ್ತೇನೆ ಎಂದರೆ ಮಾತ್ರ ಅವನು ಒಪ್ಪಲಿಲ್ಲ. ಅದು ತನ್ನ ಅಂಗಡಿಯ ಬೋರ್ಡು ಎಂದ.

ಈ ನಡುವೆ ಪುಟ್ಟಿಯ ಹೊಟ್ಟೆಯಲ್ಲಿ ಒಂದು ಮಾತು ಕೊಳೆಯುತ್ತಿತ್ತು. ಸಿನಿಮಾದಲ್ಲಿ ಚಿಕ್ಕಮ್ಮನ ಪಾತ್ರವೇ ಇರಲಿಲ್ಲ. ಚಿತ್ರಕತೆ ಬರೆದವರು ಅವಳನ್ನು ಬುಡಸಮೇತ ಕಿತ್ತು, ಆ ಜಾಗದಲ್ಲಿ ಕಾರುಗಳ ಬೆನ್ನಟ್ಟುವಿಕೆ ಹಾಕಿದ್ದರು. ಸಿನಿಮಾದವರಿಗೆ ಚಿಕ್ಕಮ್ಮಂದಿರಿಗಿಂತ ಕಾರುಗಳು ಸಲೀಸು. ಹರಿದ ತೋಳು ಮಾತ್ರ ಉಳಿದಿತ್ತು, ಅದೂ ಬೇರೆ ಕೆಲಸಕ್ಕೆ: ಹುಡುಗ ಕದ್ದು ತಂದ ಪುಟಾಣಿ ಕಂಪ್ಯೂಟರ್ ಚಿಪ್ಪನ್ನು ಆ ಹರಕಿನೊಳಗೆ, ಅಸ್ತರಿನ ಮರೆಗೆ ತುರುಕಿಟ್ಟು, ಕೊನೆಗೆ ಮಾಳಿಗೆಯ ಮೇಲೆ ಎಲ್ಲರೆದುರು ಹೊರತೆಗೆಯುತ್ತಾನೆ. ಕತೆ ಅಲ್ಲಿಗೇ ಮುಗಿಯುತ್ತದೆ. ಮನೆಯಿಲ್ಲ, ಹಾಲಿಲ್ಲ, ಚಿಕ್ಕಮ್ಮನಿಲ್ಲ. ಹೇಳಿದರೆ ಚಿಕ್ಕಮ್ಮ ನೊಂದುಕೊಳ್ಳುತ್ತಾಳೆ ಎಂದು ಪುಟ್ಟಿ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ತಳ್ಳುತ್ತಿದ್ದಳು. ರಫೂ ಮಾಡುವವಳಿಗೆ ಚಿತ್ರಕತೆಯ ಪ್ರತಿ ಯಾರು ಕೊಡುತ್ತಾರೆ?

ಆ ತೋಳು ಹರಿಯಲು ಹರಕಪ್ಪ ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದ. ಚಿಕ್ಕಮ್ಮ ಆ ದಿನ ಹಲ್ಲುನೋವಿಗೆ ರಜೆ ಹಾಕಿದ್ದಳು. ಮೊಣಕೈಯ ಮೇಲಿಂದ ಇಳಿದು, ತುದಿಯಲ್ಲಿ ಹಲ್ಲಿಯ ಬಾಲದಂತೆ ಸೊಟ್ಟಗೆ ತಿರುಗುವ ಹರಕು. ನಿರ್ದೇಶಕ ಮೆಚ್ಚಿ, ಅದೇ ಸಂಜೆ ತೀರ ಹತ್ತಿರದಿಂದ ಅದನ್ನು ಸೆರೆಹಿಡಿದ. ಹುಡುಗ ಚಿಪ್ಪು ತುರುಕುವುದು ಚಿತ್ರೀಕರಣವಾಯಿತು, ತೆಗೆಯುವುದು ಬಾಕಿ. ಅಂಥ ಇನ್ನೊಂದು ಹರಕು ಮಾಡಲು ಹರಕಪ್ಪನಿಗೇ ಆಗದು. ಕೋಟನ್ನು ತಂದು ಬಲತುದಿಯ ಹ್ಯಾಂಗರಿಗೆ ತೂಗುಹಾಕಿದರು.

ಮರುದಿನ ಮೋಡವೆಂದು ಹೊರಗಿನ ಕೆಲಸ ನಿಂತಿತ್ತು. ಪುಟ್ಟಿಯೂ ಹರಕಪ್ಪನೂ ಗೋದಾಮಿಗೆ ಹೋಗಿದ್ದರು. ಕೋಣೆಯಲ್ಲಿ ಚಿಕ್ಕಮ್ಮ ಒಬ್ಬಳೇ, ಹಲ್ಲುನೋವು ಇಳಿದು ಹಗುರಾಗಿ, ರಾಡಿನ ಉದ್ದಕ್ಕೂ ಕತೆ ಓದಿಕೊಂಡು ಬಂದಳು. ಶಾಲೆ, ಧೂಳು, ನೀರು... ಕೊನೆಯ ಹ್ಯಾಂಗರಿನ ಹತ್ತಿರ ನಿಂತುಬಿಟ್ಟಳು. ಕೊನೆಯ ಹ್ಯಾಂಗರೆಂದರೆ ಕೊನೆಯ ಅಧ್ಯಾಯ. ಕೊನೆಯ ಅಧ್ಯಾಯದಲ್ಲಿ ಕೋಟು ಹೊಲಿದಾಗಿರಬೇಕು. ಇದು ಬಾಯಿ ಬಿಟ್ಟುಕೊಂಡು ನೇತಾಡುತ್ತಿದೆ!

"ಅಯ್ಯೋ ಮಕ್ಕಳಾ, ಮರೆತೇಬಿಟ್ಟಿದೀರಲ್ಲೋ," ಎಂದು ಅವಳಿಗೆ ಎಲ್ಲರ ಮೇಲೂ ಮರುಕ ಬಂತು. ಕೈಗವಸಿನವನು ಬಾಗಿಲಿಗೆ ಬಂದರೆ ಏನು ಗತಿ?

ಕೇಳಿ ಮಾಡಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಡಬ್ಬ ತೆರೆದು, ಕೋಟಿನ ಒಳಮಡಿಕೆಯ ಅಂಚಿನಿಂದಲೇ ಎಳೆ ಬಿಡಿಸಿಕೊಂಡು ಕೂತಳು. ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಅವಳು ಯಾವ ಬಟ್ಟೆಯನ್ನೂ ಮುಟ್ಟಿರಲಿಲ್ಲ. ಹಲ್ಲಿಯ ಬಾಲ ಬಹಳ ಸತಾಯಿಸಿತು. ಮುಗಿದ ಮೇಲೆ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ತನಗೇ ಸಿಗಲಿಲ್ಲ. ಕೋಟನ್ನು ಅದೇ ಹ್ಯಾಂಗರಿಗೆ ಹಾಕಿ ಮನೆಗೆ ಹೋಗಿ ಸೊಗಸಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಕೋಣೆಯಲ್ಲಿ ಕೋಲಾಹಲ. ಬಿಸಿಲು ಬಂದಿತ್ತು, ನಿರ್ದೇಶಕ ಮಾಳಿಗೆಯ ಮೇಲೆ ಕಾಯುತ್ತಿದ್ದ. ಹರಿದ ಕೋಟು ಕಾಣೆ.

"ಕೊನೇ ಹ್ಯಾಂಗರಲ್ಲಿ ಧೂಳಿನ ಕೋಟು ತಂದು ಹಾಕಿದಾರೆ," ಎಂದು ಹರಕಪ್ಪ ಹಣೆ ಚಚ್ಚಿಕೊಂಡ. "ನಂದು ಎಲ್ಲಿ?"

ಬುಟ್ಟಿಗಳು ಬೋರಲಾದವು. ಒಗೆಯುವವರ ಕೋಣೆಗೆ ಜನ ಓಡಿದರು. ಪುಟ್ಟಿ ಬೆವರಿ, ಕೂದಲು ಮುಖಕ್ಕೆ ಅಂಟಿ, ಇಂಗು ತಿಂದ ಮಂಗನಂತೆ ನಿಂತಿದ್ದಳು. ಚಿಕ್ಕಮ್ಮ ಡಬ್ಬ ಬದಿಗಿಟ್ಟಳು. ಮಂಡಿಯೂರಿ ಮೇಜಿನ ಕೆಳಗೆ ತಾನೂ ಹುಡುಕತೊಡಗಿದಳು. ನಗಬೇಡಿ. ಅವಳ ಲೆಕ್ಕದಲ್ಲಿ ತಾನು ಹೊಲಿದದ್ದು ಕೊನೆಯ ಅಧ್ಯಾಯದ ಕೋಟು. ಇವರು ಹುಡುಕುತ್ತಿರುವುದು ಬೇರಾವುದೋ ಹರಿದ ಕೋಟು.

ಹಿರಿ ಮೇಡಂ ಬಂದರು. ದನಿ ಏರಿಸಲಿಲ್ಲ, ಅದೇ ಹೆದರಿಕೆ. "ಪುಟ್ಟಿ, ರಾಡು ನಿನ್ನ ಜವಾಬ್ದಾರಿ. ಆ ಕೋಟು ಸಿಗದಿದ್ರೆ ಇದುವರೆಗೆ ಮಾಡಿದ ಕೆಲಸ ಎಲ್ಲಾ ಮತ್ತೆ ಮಾಡ್ಬೇಕು. ನಿರ್ದೇಶಕರ ಹತ್ರ ನಾನೇನು ಹೇಳ್ಲಿ? ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ನೀನು ನಾಳೆಯಿಂದ ಬರೋದು ಬೇಡ."

ಹರಕಪ್ಪ ಮೇಜಿನ ಕೆಳಗೆ ಬಗ್ಗಿ, "ಚಿಕ್ಕಮ್ಮ, ಸರಿಯಾಗಿ ನೋಡಿ. ಎಡ ತೋಳು, ಮೊಣಕೈ ಮೇಲಿಂದ ಇಳಿಯುತ್ತೆ, ತುದೀಲಿ ಹಲ್ಲಿ ಬಾಲದ ಥರ ಸೊಟ್ಟ..." ಎಂದ.

ಚಿಕ್ಕಮ್ಮ ಹುಡುಕುವುದನ್ನು ನಿಲ್ಲಿಸಿದಳು. ಆ ಬಾಲ ಅವಳ ಬೆರಳಿಗೆ ಗೊತ್ತಿತ್ತು.

ಅವಳು ಬಾಯಿ ಬಿಡದಿದ್ದರೆ ಲೋಕದ ಯಾವ ಗೂಢಚಾರನೂ ಆ ಕೋಟನ್ನು ಪತ್ತೆ ಮಾಡುವಂತಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಅದು ನೇತಾಡುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಅವಳ ತಪ್ಪೂ ಅದರೊಳಗೇ ಸುಖವಾಗಿ ಅಡಗಿರುತ್ತಿತ್ತು. ಆದರೆ ಮನೆಗೆ ಹೋಗುವವಳು ಪುಟ್ಟಿ, ಬಟ್ಟೆಯ ಗಂಟಿನ ಮೇಲೆ ಕೂತು ಓದುತ್ತಿದ್ದ ಪುಟ್ಟಿ. ಚಿಕ್ಕಮ್ಮ ಮೇಜಿನ ಅಂಚು ಹಿಡಿದು ಮೇಲೆದ್ದಳು.

"ಕೋಟು ಎಲ್ಲೂ ಹೋಗಿಲ್ಲ. ಅಲ್ಲೇ ಇದೆ. ನಾನು ಹೊಲಿದುಬಿಟ್ಟೆ."

ಯಾರಿಗೂ ಅರ್ಥವಾಗಲಿಲ್ಲ. ಹರಕಪ್ಪ ಓಡಿ ಹೋಗಿ ಕೊನೆಯ ಹ್ಯಾಂಗರಿನ ಕೋಟನ್ನು ಎಳೆದುಕೊಂಡು ಬಂದ. ಎಡ ತೋಳಿನ ಮೇಲೆ ಹೆಬ್ಬೆರಳು ಆಡಿಸಿದ. ತಿರುಗಿಸಿ ಒಳಗಡೆ ನೋಡಿದ. ಕಿಟಕಿಗೆ ಹಿಡಿದ. ಮೂಗಿಗೆ ತಂದು ಮೂಸಿಯೂ ನೋಡಿದ.

"ಇದಲ್ಲ ಚಿಕ್ಕಮ್ಮ. ನನ್ನ ಹರಕು ನನಗೆ ಗೊತ್ತಾಗಲ್ವಾ? ಇದರಲ್ಲಿ ಏನೂ ಇಲ್ಲ."

ಅವಳ ಬದುಕಿನಲ್ಲಿ ಮುಖದೆದುರು ಕೇಳಿದ ಮೊದಲ ಹೊಗಳಿಕೆ ಅದು. ಬರಬಾರದ ಹೊತ್ತಿನಲ್ಲಿ ಬಂತು.

"ಪುಸ್ತಕದಲ್ಲಿ ಹೊಲೀತಾಳಲ್ಲಾ," ಎಂದಳು ಪುಟ್ಟಿಯ ಕಡೆ ತಿರುಗಿ, ಅಪರಾಧಿಯ ದನಿಯಲ್ಲಿ. "ಕೊನೇ ಅಧ್ಯಾಯ. ಕೈಗವಸಿನವನು ಬರೋ ಮುಂಚೆ."

ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಸಿನಿಮಾದಲ್ಲಿ ಅವಳಿಲ್ಲ ಚಿಕ್ಕಮ್ಮ. ತೆಗೆದುಹಾಕಿದಾರೆ. ನಿನಗೆ ಬೇಜಾರಾಗುತ್ತೆ ಅಂತ ನಾನೇ ಹೇಳ್ಲಿಲ್ಲ. ತಪ್ಪು ನಂದೇ ಮೇಡಂ."

"ಯಾರ ತಪ್ಪು ಅಂತ ಆಮೇಲೆ ನೋಡೋಣ," ಎಂದರು ಹಿರಿ ಮೇಡಂ. "ಈಗೇನು ಮಾಡೋದು? ಇದನ್ನ ಮತ್ತೆ ಹರಿದ್ರೆ ಮುಂಚಿನ ಥರ ಬರುತ್ತಾ?"

"ಹರಿಯೋದು ಬೇಡ," ಎಂದಳು ಚಿಕ್ಕಮ್ಮ. "ಬಿಚ್ಚೋಣ."

ಹೊಲಿಯುವಾಗ ಅವಳು ಹರಕಿನ ಒಂದು ನಾರನ್ನೂ ಕತ್ತರಿಸಿರಲಿಲ್ಲ. ಕತ್ತರಿಸುವುದು ಅವಳ ಪಂಥವಲ್ಲ. ಇದ್ದ ನಾರನ್ನು ಒಳಗೆ ಮಡಿಸಿ, ಅದರ ಮೇಲೆ ತನ್ನ ಎಳೆ ಹಾಯಿಸುತ್ತಿದ್ದಳು. ಎಳೆ ತೆಗೆದರೆ ಹರಕು ಇದ್ದಂತೆಯೇ ಸಿಗಬೇಕು. ಸಿಗಬೇಕು, ಅಷ್ಟೇ. ತಾನು ಹಾಕಿದ ರಫೂವನ್ನು ಅವಳು ಜನ್ಮದಲ್ಲಿ ಬಿಚ್ಚಿ ನೋಡಿರಲಿಲ್ಲ. ಬಿಚ್ಚುವ ಪ್ರಸಂಗ ಎಲ್ಲಿ ಬರುತ್ತದೆ?

ಕಿಟಕಿಯ ಪಕ್ಕ ಕೂತು, ಕೋಟನ್ನು ಮಡಿಲಲ್ಲಿ ಹರಡಿ, ಸೂಜಿಯ ಮೊನೆಯಿಂದ ಬಟ್ಟೆ ಕೆದಕಿದಳು. ಎಳೆಯ ತುದಿ ಸಿಗಲೊಲ್ಲದು. ತನ್ನ ಜಾಣತನವೇ ತನ್ನ ಕುತ್ತಿಗೆಗೆ ಬಂತಲ್ಲ ಎಂದು ಅವಳಿಗೆ ಅಳು ಬಂತು. ಎಲ್ಲರೂ ಸುತ್ತ ನಿಂತಿದ್ದರು, ಮಾಳಿಗೆಯಿಂದ ಕೋಟು ಎಲ್ಲಿ ಎಂದು ಕೂಗು ಬಂತು. ಚಿಕ್ಕಮ್ಮ ಕಣ್ಣು ಮುಚ್ಚಿ, ನೋಡುವುದನ್ನು ಬಿಟ್ಟು, ಬೆರಳಿಗೆ ವಹಿಸಿದಳು. ಬೆರಳು ಬಾಲದ ತುದಿಯಲ್ಲಿ ನಿಂತಿತು. ಅಲ್ಲಿ ಚುಚ್ಚಿ ಎತ್ತಿದಳು. ಒಂದು ಎಳೆ ಬಂತು. ಅದನ್ನು ಎಳೆದಳು. ಅವಳ ಜೀವಮಾನದ ಅತಿ ಒಳ್ಳೆಯ ಕೆಲಸ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತ ಹೋಯಿತು.

ಹರಕು ಬಾಯಿ ತೆರೆಯಿತು. ಹರಕಪ್ಪ ಚಿತ್ರೀಕರಣದ ದಿನ ತೆಗೆದ ಫೋಟೋ ಪಕ್ಕಕ್ಕೆ ಹಿಡಿದು ನೋಡಿದ.

"ಇಲ್ಲೊಂದು ನಾರು ಜೋತಾಡ್ತಿತ್ತು. ಈಗಿಲ್ಲ."

"ತಡಿ ಮಾರಾಯ," ಎಂದು ಚಿಕ್ಕಮ್ಮ ಒಳಗೆ ಮಡಿಸಿಟ್ಟಿದ್ದ ನಾರನ್ನು ಸೂಜಿಯಿಂದ ಹೊರಗೆಳೆದು, ಊದಿ, ಜೋತುಬಿಟ್ಟಳು. "ಇದು ತಾನೇ?"

"ಅದೇ! ಅದೇ ಚಿಕ್ಕಮ್ಮ!" ಎಂದು ಹರಕಪ್ಪ ಕಳೆದುಹೋದ ಮಗು ಸಿಕ್ಕವನಂತೆ ಕೋಟನ್ನು ತಬ್ಬಿಕೊಂಡ.

ಅಷ್ಟರಲ್ಲಿ ನಿರ್ದೇಶಕನೇ ದಡದಡ ಇಳಿದು ಬಂದ. ಕೋಟನ್ನು ಕಿತ್ತುಕೊಂಡು, ತೋಳು ನೋಡಿ, "ಸರಿಯಾಗಿದೆಯಲ್ಲ, ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಎಂದು ಗೊಣಗಿ ಮೆಟ್ಟಿಲು ಹತ್ತಿದ. ಅವನಿಗೆ ಇಂದಿಗೂ ಏನೂ ಗೊತ್ತಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಹೋದ ಜೀವ ಬಂದಂತಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಪುಟ್ಟಿ ಬಂದು ಚಿಕ್ಕಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು, ಅಳುತ್ತಲೇ ನಕ್ಕಳು. ಹಿರಿ ಮೇಡಂ ಒಂದು ಲೋಟ ನೀರು ತಂದು ಚಿಕ್ಕಮ್ಮನ ಕೈಗೆ ಕೊಟ್ಟು, ಸೂಜಿ ಡಬ್ಬವನ್ನು ಎತ್ತಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಬೇಕಾದಾಗ ಬಂದು ಕೇಳಿ, ಕೊಡ್ತೀನಿ," ಎಂದರು. "ಪುಟ್ಟಿ, ನಿಂತ್ಕೊಂಡು ಏನು ನೋಡ್ತೀಯ? ರಾಡು ಜೋಡಿಸು."

ಪುಟ್ಟಿ ಜೋಡಿಸಿದಳು. ಬಲತುದಿಯ ಹ್ಯಾಂಗರಿಗೆ ಒಂದು ಚೀಟಿ ಕಟ್ಟಿದಳು: ಇದು ಹರಿದೇ ಇರಬೇಕು, ಚಿಕ್ಕಮ್ಮ.

ಚಿತ್ರೀಕರಣ ಮುಗಿದ ದಿನ ಮಧ್ಯಾಹ್ನ ಕೋಟು ಕೋಣೆಗೆ ವಾಪಸು ಬಂತು. ಅದರ ಹಿಂದೆಯೇ ಹುಡುಗ ಹೀರೋ ಬಂದ. ಬೆಳೆಯುವ ವಯಸ್ಸಿನ ಉದ್ದ ಕಾಲು, ಒಡೆಯುತ್ತಿರುವ ದನಿ. ನೆನಪಿಗೆಂದು ಕೋಟನ್ನು ಇಟ್ಟುಕೊಳ್ಳಬಹುದು ಎಂದು ಅವನಿಗೆ ಹೇಳಿದ್ದರಂತೆ. ಹರಕಪ್ಪ ಕೋಟು ಎತ್ತಿಕೊಂಡು, ತೋಳಿನ ಮೇಲೆ ಕೊನೆಯ ಸಲ ಕೈಯಾಡಿಸಿ, ಮೇಜಿನ ಈಚೆ ತಂದು ಚಿಕ್ಕಮ್ಮನ ಮುಂದಿಟ್ಟ. ಜೊತೆಗೆ ಬೀರುವಿನಿಂದ ಕೇಳಿ ತಂದ ಸೂಜಿ ಡಬ್ಬ.

"ನನ್ನ ಕೆಲಸ ಮುಗೀತು," ಎಂದ. "ಈಗ ಹೊಲೀರಿ ಚಿಕ್ಕಮ್ಮ. ಯಾರೂ ಏನೂ ಅನ್ನಲ್ಲ."

ಚಿಕ್ಕಮ್ಮ ಹಿರಿ ಮೇಡಂ ಕಡೆ ನೋಡಿದಳು. ಅವರು ಕತ್ತು ಆಡಿಸಿದರು. ಪುಟ್ಟಿ ಚೀಲದಿಂದ ಅಂಚು ಸವೆದ ಆ ಹಳೆಯ ಪುಸ್ತಕ ತೆಗೆದು, ಬಟ್ಟೆಯ ಗಂಟೊಂದರ ಮೇಲೆ ಕೂತು, ಕೇಳದೆಯೇ ಕೊನೆಯ ಅಧ್ಯಾಯ ಓದತೊಡಗಿದಳು. ಪರದೆಯಿಲ್ಲದ ಕಡೆ, ಇಷ್ಟು ಜನರ ಕಣ್ಣೆದುರು ಚಿಕ್ಕಮ್ಮ ಎಂದೂ ಕೆಲಸ ಮಾಡಿರಲಿಲ್ಲ. ಮೊದಮೊದಲು ಸಂಕೋಚವಾಯಿತು. ಕೈಗವಸಿನವನು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಎಲ್ಲ ಮರೆತಿದ್ದಳು. ಅವನು ಬಾಗಿಲು ತಟ್ಟುವ ಹೊತ್ತಿಗೆ ಎಳೆ ಕಡಿದಳು.

ಹುಡುಗ ಕೋಟು ತೊಟ್ಟುಕೊಂಡ. ತೋಳು ಮಡಚಿದ, ಚಾಚಿದ, ಬೆಳಕಿಗೆ ತಿರುಗಿಸಿದ. ಉಗುರಿನಿಂದ ಕೆರೆದು ನೋಡಿದ. ಅವನ ಹುಬ್ಬು ಮೇಲೇರಿತು.

"ಎಲ್ಲಿ ಹೋಯ್ತು ಚಿಕ್ಕಮ್ಮ, ಹರಕು?"

ಪುಸ್ತಕ ಓದಿ ಕೇಳಿದನೋ, ನಿಜಕ್ಕೂ ಕಾಣದೆ ಕೇಳಿದನೋ, ಚಿಕ್ಕಮ್ಮನಿಗೆ ತಿಳಿಯಲಿಲ್ಲ. ಸೂಜಿಯನ್ನು ಡಬ್ಬದಲ್ಲಿಟ್ಟು ಮುಚ್ಚಳ ಒತ್ತಿದಳು.

"ಯಾವ ಹರಕು?" ಎಂದಳು.